ಇಪ್ಪತ್ತು ಉಗುರಿನ ಆಮೆ ಮನೆಗೆ ತಂದರೆ ಲಕ್ಷ್ಮಿ ಬರುತ್ತಾಳೆಯೇ?

ಪ್ರಶ್ನೆ: 20 ಉಗುರಿರುವ ಆಮೆಯನ್ನು ಮನೆಯಲ್ಲಿಟ್ಟರೆ ಲಕ್ಷ್ಮಿ ಒಲಿಯುತ್ತಾಳಂತೆ, ಹೌದೇ?

ಇಲ್ಲ. ಇದಕ್ಕೆ ಎಷ್ಟು ಸಲ ಉತ್ತರ ಬರೆದೆನೋ ಲೆಕ್ಕವೇ ತಪ್ಪಿದೆ. ಈ ಸಲ ಉಗುರನ್ನೇ ಎಣಿಸಿಬಿಡೋಣ.

ನಮ್ಮ ಬಯಲುಸೀಮೆಯ ಕುರುಚಲು ಕಾಡಿನ ನಕ್ಷತ್ರ ಆಮೆಗೆ ಮುಂಗಾಲಲ್ಲಿ ಐದೈದು, ಹಿಂಗಾಲಲ್ಲಿ ನಾಲ್ಕು ನಾಲ್ಕು. ಒಟ್ಟು 18. ಕೆರೆಯ ಕೆಸರಿನಲ್ಲಿ ಹುದುಗಿರುವ ಮೆದುಚಿಪ್ಪಿನ ಆಮೆಗೆ ಕಾಲಿಗೆ ಮೂರರಂತೆ 12. ಹೊನ್ನಾವರ, ಕುಂದಾಪುರದ ಕಡೆ ಮರಳಿನಲ್ಲಿ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲೆ ಕಡಲಾಮೆಗೆ ಈಜುಗಾಲಿಗೆ ಒಂದೋ ಎರಡೋ. ಉಗುರು ಆಯಾ ಜಾತಿಯ ಗುರುತು, ಅಷ್ಟೇ. ಎಲ್ಲೋ ಒಂದಕ್ಕೆ ಹೆಚ್ಚಿಗೆ ಮೂಡಿದ್ದರೆ, ಕೆಲವು ಮಕ್ಕಳಿಗೆ ಕೈಯಲ್ಲಿ ಆರು ಬೆರಳಿರುವ ಹಾಗೆ.

ಇನ್ನು ಶಾಸ್ತ್ರದ ಮಾತು. ಮಂದರ ಪರ್ವತವನ್ನು ಬೆನ್ನ ಮೇಲೆ ಹೊತ್ತು ಕೂರ್ಮ ಕಡಲಲ್ಲಿ ನಿಂತದ್ದರಿಂದಲೇ ಮಥನ ನಡೆಯಿತು, ಲಕ್ಷ್ಮಿ ಹುಟ್ಟಿದಳು. ಅಲ್ಲಿ ಆಮೆ ಭಾರ ಹೊತ್ತವನು, ಯಾರ ಮನೆಯಲ್ಲೂ ಸೆರೆಯಿದ್ದವನಲ್ಲ. ಗೀತೆಯ ಎರಡನೇ ಅಧ್ಯಾಯದ 58ನೇ ಶ್ಲೋಕ ನೋಡಿ: ಆಮೆ ಅಂಗಗಳನ್ನು ಒಳಗೆಳೆದುಕೊಳ್ಳುವಂತೆ ಇಂದ್ರಿಯಗಳನ್ನು ವಿಷಯಗಳಿಂದ ಹಿಂದೆಳೆದುಕೊಂಡವನೇ ಸ್ಥಿತಪ್ರಜ್ಞ. ಆಸೆ ಹಿಡಿತದಲ್ಲಿರಲಿ ಎಂದು ಕಲಿಸಲು ಆರಿಸಿಕೊಂಡ ಪ್ರಾಣಿಯನ್ನು ದುಡ್ಡಿನಾಸೆಗೆ ಟಬ್ಬಿನಲ್ಲಿಡುತ್ತೀರಾ? ನನಗೆ ನಿಜಕ್ಕೂ ಸಂಕಟವಾಗುವುದು ಇಲ್ಲಿ. ಬಿಸಿಲಿಲ್ಲದ ಮೂಲೆಯಲ್ಲಿ ಅನ್ನ ತಿಂದು ಬೆಳೆದ ನಕ್ಷತ್ರ ಆಮೆಯ ಮೂಳೆ ಮೆತ್ತಗಾಗುತ್ತದೆ, ಚಿಪ್ಪು ಸೊಟ್ಟಗಾಗುತ್ತದೆ. ಚಿಪ್ಪೆಂದರೆ ಮೇಲೆ ಹೊದ್ದ ಮುಚ್ಚಳವಲ್ಲ, ಬೆನ್ನೆಲುಬು ಪಕ್ಕೆಲುಬುಗಳೇ ಬೆಸೆದು ಆದದ್ದು.

ಕಾನೂನೂ ಸ್ಪಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಾದ ತಿದ್ದುಪಡಿಯ ನಂತರ ನಕ್ಷತ್ರ ಆಮೆ ಮೊದಲ ಅನುಸೂಚಿಯಲ್ಲಿದೆ, ಅಂದರೆ ಅತಿ ಹೆಚ್ಚು ರಕ್ಷಣೆಯ ಪ್ರಾಣಿಗಳ ಪಟ್ಟಿಯಲ್ಲಿ. ಸಿಕ್ಕಿಬಿದ್ದರೆ ಕನಿಷ್ಠ 3 ವರ್ಷ ಜೈಲು.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಇದನ್ನೋದಿ ಗಾಬರಿಯಾಗಿ ಮನೆಯ ಆಮೆಯನ್ನು ದೇವಸ್ಥಾನದ ಕಲ್ಯಾಣಿಗೋ ಊರ ಬಾವಿಗೋ ಬಿಡಬೇಡಿ. ನಕ್ಷತ್ರ ಆಮೆ ನೆಲದ ಪ್ರಾಣಿ. ಅದರ ಕಾಲು ನೋಡಿ, ಆನೆಯ ಕಾಲಿನಂತೆ ಗುಂಡಗಿದೆ, ಬೆರಳುಗಳ ನಡುವೆ ಜಾಲಪೊರೆಯಿಲ್ಲ. ನೀರಿಗೆ ಬಿಟ್ಟರೆ ಮುಳುಗಿ ಸಾಯುತ್ತದೆ. ರಟ್ಟಿನ ಪೆಟ್ಟಿಗೆಗೆ ಗಾಳಿಯಾಡಲು ತೂತು ಮಾಡಿ, ಅದರಲ್ಲಿಟ್ಟು ಹತ್ತಿರದ ಅರಣ್ಯ ಇಲಾಖೆಯವರಿಗೆ ಇವತ್ತೇ ಫೋನ್ ಮಾಡಿ.