ಎನ್‌ಸಿಸಿ ದಾರಿಯಿಂದ ಸೇನಾಧಿಕಾರಿ ಹುದ್ದೆಗೆ

ಡಿಗ್ರಿ ಪ್ರವೇಶದ ದಿನಗಳಲ್ಲಿ ಯಾರಾದರೊಬ್ಬ ತಂದೆ ನನ್ನ ಕೊಠಡಿಗೆ ಬಂದು, ಬಾಗಿಲನ್ನು ಅರ್ಧ ಮುಂದೆ ಮಾಡಿ, ದನಿ ತಗ್ಗಿಸಿ ಕೇಳುತ್ತಾರೆ: ‘ಸರ್, ಮಗನನ್ನು ಮಿಲಿಟರಿ ಆಫೀಸರ್ ಮಾಡಬೇಕು. ಎಷ್ಟಾಗುತ್ತದೆ?’ ಏನೂ ಆಗುವುದಿಲ್ಲ ಎಂದರೆ ಅವರಿಗೆ ನಂಬಿಕೆ ಬರುವುದಿಲ್ಲ. ತರಬೇತಿಯ ಖರ್ಚು ಸರ್ಕಾರದ್ದು, ಮೇಲಾಗಿ ಕೆಡೆಟ್‌ಗೆ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್ ಸಿಗುತ್ತದೆ ಎಂದರೆ ಸಂಶಯ ಇನ್ನೂ ಹೆಚ್ಚುತ್ತದೆ. ನಾನೇ ಏನನ್ನೋ ಮುಚ್ಚಿಡುತ್ತಿದ್ದೇನೆ ಎಂಬಂತೆ ನೋಡುತ್ತಾರೆ.

ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಎನ್‌ಸಿಸಿ ಘಟಕವನ್ನೂ ನೋಡಿಕೊಳ್ಳುವ ನನಗೆ ಆ ತಂದೆಗಿಂತ ಮಗನ ಚಿಂತೆಯೇ ಹೆಚ್ಚು. ಏಕೆಂದರೆ ಅವನು ಬರಬೇಕಾದ ಹೊತ್ತು ಅದೇ. ಎಷ್ಟೋ ಮಂದಿ ಬರುವುದು ಎರಡು ವರ್ಷ ತಡವಾಗಿ.

ಪಿಯುಸಿ ಮುಗಿಸಿದವರಿಗೆ ಪುಣೆ ಬಳಿಯ ಖಡಕ್‌ವಾಸ್ಲಾದ ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಇದೆ. ಭೂಸೇನೆಗೆ ಯಾವ ವಿಭಾಗದಲ್ಲಿ ಓದಿದವರಾದರೂ ಸರಿ, ವಾಯುಪಡೆ ಮತ್ತು ನೌಕಾಪಡೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕು. ಹುಡುಗಿಯರಿಗೆ ಅದರ ಬಾಗಿಲು ತೆರೆದದ್ದು 2021ರಲ್ಲಿ ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಿದ ಮೇಲೆ. ಪದವೀಧರರಿಗೆ ಯುಪಿಎಸ್‌ಸಿ ನಡೆಸುವ ಸಿಡಿಎಸ್ (ಸಂಯುಕ್ತ ರಕ್ಷಣಾ ಸೇವೆಗಳ) ಪರೀಕ್ಷೆ. ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಯನ್ನಷ್ಟೇ ಆಯ್ದುಕೊಂಡವರಿಗೆ ಅದರಲ್ಲಿ ಗಣಿತದ ಪತ್ರಿಕೆಯೇ ಇಲ್ಲ. ಲೆಕ್ಕ ಎಂದರೆ ಬೆವರುವವರು ಇದನ್ನು ಗುರುತು ಹಾಕಿಕೊಳ್ಳಲಿ.

ಮೂರನೆಯದು ನಮ್ಮ ದಾರಿ, ಎನ್‌ಸಿಸಿ ವಿಶೇಷ ಪ್ರವೇಶ. ಪದವಿಯಲ್ಲಿ ಶೇ 50 ಅಂಕ, ಎನ್‌ಸಿಸಿಯ ‘ಸಿ’ ಸರ್ಟಿಫಿಕೇಟಿನಲ್ಲಿ ಕನಿಷ್ಠ ‘ಬಿ’ ಗ್ರೇಡ್, 19ರಿಂದ 25ರೊಳಗಿನ ವಯಸ್ಸು, ಅವಿವಾಹಿತರು. ಇಷ್ಟಿದ್ದರೆ ಲಿಖಿತ ಪರೀಕ್ಷೆ ಇಲ್ಲ, ಅರ್ಜಿಯಲ್ಲಿ ಆಯ್ಕೆಯಾದವರು ನೇರ ಸೇನಾಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಮಂಡಳಿಯ ಸಂದರ್ಶನಕ್ಕೆ. ಆದರೆ ‘ಸಿ’ ಪರೀಕ್ಷೆ ಬರುವುದು ತರಬೇತಿಯ ಮೂರನೆಯ ವರ್ಷದಲ್ಲಿ. ಅದಕ್ಕೆ ಪರೇಡ್ ಹಾಜರಾತಿ ಬೇಕು, ಕ್ಯಾಂಪ್ ಮುಗಿಸಿರಬೇಕು. ಡಿಗ್ರಿಯ ಕೊನೆಯ ವರ್ಷದಲ್ಲಿ ಬಂದು ‘ಸರ್, ಈಗ ಸೇರಿಸಿಕೊಳ್ಳಿ’ ಎಂದವರನ್ನು ಬರಿಗೈಯಲ್ಲಿ ಕಳಿಸುವುದು ನನಗೂ ಸಂಕಟವೇ.

ಲಿಖಿತ ಪರೀಕ್ಷೆ ಇಲ್ಲ ಎಂದೊಡನೆ ಅರ್ಧ ಗೆದ್ದೆವೆಂದು ಕುಣಿಯುವವರಿದ್ದಾರೆ. ಜರಡಿ ಇರುವುದು ಎಸ್‌ಎಸ್‌ಬಿಯಲ್ಲಿ. ಐದು ದಿನ ನಡೆಯುವ ಆ ಆಯ್ಕೆಯ ಮೊದಲ ದಿನವೇ ಸ್ಕ್ರೀನಿಂಗ್: ಮಸುಕಾದ ಒಂದು ಚಿತ್ರವನ್ನು ಮೂವತ್ತು ಸೆಕೆಂಡು ತೋರಿಸುತ್ತಾರೆ. ಕಥೆ ಬರೆಯಬೇಕು, ಹೇಳಬೇಕು, ಗುಂಪಿನಲ್ಲಿ ಚರ್ಚಿಸಬೇಕು. ಉಳಿಯದವರು ಅಂದೇ ಊರಿಗೆ.

ನಮ್ಮ ಘಟಕದ ಹುಡುಗಿಯೊಬ್ಬಳು ಹಾಗೆಯೇ ಮರಳಿದ್ದಳು. ಹಿಂದಿನ ತಿಂಗಳು ಸಾವಿರಾರು ರೂಪಾಯಿ ಸುರಿದು ಒಂದು ಕೋಚಿಂಗ್ ಮುಗಿಸಿದ್ದಳು. ಅಲ್ಲಿ ಕಲಿಸಿದ್ದ ಕಥೆಯಲ್ಲಿ ಕಾಲೇಜು ವಿದ್ಯಾರ್ಥಿ ಹಳ್ಳಿಗೆ ಹೋಗುತ್ತಾನೆ, ಆರೋಗ್ಯ ಶಿಬಿರ ನಡೆಸುತ್ತಾನೆ, ಎಲ್ಲರೂ ಮೆಚ್ಚುತ್ತಾರೆ. ಅವಳಿಗಿಂತ ಮುಂಚೆ ಅದೇ ಗುಂಪಿನ ಇಬ್ಬರು ಅದೇ ಶಿಬಿರವನ್ನು ನಡೆಸಿ ಮುಗಿಸಿದ್ದರಂತೆ! ಅವಳು ನಗುತ್ತಲೇ ಹೇಳಿದಳು, ಕಣ್ಣು ಮಾತ್ರ ಕೆಂಪಾಗಿತ್ತು.

ಎರಡನೆಯ ದಿನದ ಮನೋವೈಜ್ಞಾನಿಕ ಪರೀಕ್ಷೆಗಳ ಗಡಿಯಾರವನ್ನು ಗಮನಿಸಿ. ಅರವತ್ತು ಪದಗಳು, ಒಂದೊಂದಕ್ಕೆ ಹದಿನೈದು ಸೆಕೆಂಡು. ಪದ ಕಂಡೊಡನೆ ಹೊಳೆದದ್ದನ್ನು ಬರೆಯಬೇಕು. ಆಮೇಲೆ ಅರವತ್ತು ಸನ್ನಿವೇಶಗಳು, ಅಲ್ಲಿ ನೀವೇನು ಮಾಡುತ್ತೀರಿ ಎಂದು ಬರೆಯಲು ಮೂವತ್ತು ನಿಮಿಷ. ಬಾಯಿಪಾಠ ಇಪ್ಪತ್ತು ಪದಗಳವರೆಗೆ ನಡೆದೀತು. ಅಲ್ಲಿಂದಾಚೆ ಕೈ ದಣಿದಾಗ ಬರೆಯುವುದು ನೀವೇ. ಮನೋವಿಜ್ಞಾನಿ ನಿಮ್ಮ ಮುಖ ನೋಡದೆ ಬರಹವನ್ನಷ್ಟೇ ಓದುತ್ತಾರೆ. ಹಗ್ಗ, ಹಲಗೆ ಕೊಟ್ಟು ಕೆಂಪು ಬಣ್ಣದ ಭಾಗ ಮುಟ್ಟದೆ ಗುಂಪಾಗಿ ದಾಟಿ ಎನ್ನುವ ಜಿಟಿಒ (ಗುಂಪು ಪರೀಕ್ಷೆಗಳ ಅಧಿಕಾರಿ) ಬೇರೆ, ಸಂದರ್ಶನ ನಡೆಸುವವರು ಬೇರೆ. ಕೊನೆಯ ದಿನದ ಕಾನ್ಫರೆನ್ಸ್‌ನಲ್ಲಿ ಈ ಮೂವರ ಅಭಿಪ್ರಾಯವನ್ನು ಎದುರುಬದುರು ಇಡುತ್ತಾರೆ. ಬರಹದಲ್ಲಿ ನಾಯಕ, ಮೈದಾನದಲ್ಲಿ ಮೂಕ ಎಂದಾದರೆ ಅಲ್ಲಿ ತಿಳಿದುಹೋಗುತ್ತದೆ.

ಆ ಹುಡುಗಿಗೆ ನಾನು ಕೋಚಿಂಗ್ ಹೇಳಲಿಲ್ಲ. ವಾರ್ಷಿಕ ಕ್ಯಾಂಪಿನಲ್ಲಿ ಮೆಸ್ ನೋಡಿಕೊಳ್ಳಲು ಹಚ್ಚಿದೆ. ಒಂದು ಬೆಳಿಗ್ಗೆ ಉಪ್ಪಿಟ್ಟು ಸಾಲದೆ ಹೋಯಿತು. ಹಿರಿಯ ಕೆಡೆಟ್‌ಗಳನ್ನು ತಡೆದು ನಿಲ್ಲಿಸಿ ಹೊಸಬರಿಗೆ ಮೊದಲು ಬಡಿಸಿದಳು, ಬೈಸಿಕೊಂಡಳು, ಮರುದಿನ ಅಳತೆ ಸರಿಪಡಿಸಿದಳು. ಎರಡನೆಯ ಸಲದ ಸಂದರ್ಶನದಲ್ಲಿ ಅರ್ಧ ಹೊತ್ತು ಆ ಉಪ್ಪಿಟ್ಟಿನ ಮೇಲೆಯೇ ಪ್ರಶ್ನೆಗಳು ಬಂದವಂತೆ. ಈ ಬಾರಿ ಆಯ್ಕೆಯಾದವರ ಸಾಲಿನಲ್ಲಿ ಅವಳ ಚೆಸ್ಟ್ ನಂಬರನ್ನು ಕೂಗಿದರು.

ಕನ್ನಡ ಮಾಧ್ಯಮದವರ ಭಯ ಇಂಗ್ಲಿಷ್. ಶೇಕ್ಸ್‌ಪಿಯರ್ ಬೇಡ, ಎದುರಿನವರಿಗೆ ಅರ್ಥವಾಗುವ ಚಿಕ್ಕ ವಾಕ್ಯ ಸಾಕು. ದಿನಕ್ಕೆ ಹತ್ತು ನಿಮಿಷ ಗೆಳೆಯರೊಡನೆ ಒಂದು ಸುದ್ದಿಯನ್ನು ಇಂಗ್ಲಿಷ್‌ನಲ್ಲಿ ಚರ್ಚಿಸುವ ಅಭ್ಯಾಸ ಮೂರು ವರ್ಷದಲ್ಲಿ ಎಲ್ಲಿಗೋ ಒಯ್ಯುತ್ತದೆ.

ತಂದೆತಾಯಿಗಳಿಗೆ ಹೇಳಲೇಬೇಕಾದದ್ದು: ಈ ಪ್ರವೇಶದಲ್ಲಿ ಸಿಗುವುದು ಅಲ್ಪಾವಧಿ ನೇಮಕ. ಹತ್ತು ವರ್ಷ, ಬೇಕಾದರೆ ಇನ್ನೂ ನಾಲ್ಕು. ಕಾಯಂ ನೇಮಕಕ್ಕೆ ಅವಕಾಶವಿದೆ, ಖಾತರಿಯಿಲ್ಲ. ಹದಿನಾಲ್ಕು ವರ್ಷಕ್ಕೆ ಹೊರಬಂದವರಿಗೆ ಗ್ರಾಚ್ಯುಟಿ ಉಂಟು, ಮಾಮೂಲಿ ಪಿಂಚಣಿ ಇಲ್ಲ. ಮೂವತ್ತೇಳು, ಮೂವತ್ತೆಂಟರಲ್ಲಿ ಇನ್ನೊಂದು ಕೆಲಸ ಹುಡುಕಬೇಕಾಗಬಹುದು ಎಂಬುದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ಎಸ್‌ಎಸ್‌ಬಿಯಲ್ಲಿ ರೆಕಮೆಂಡ್ ಆದ ಮೇಲೆ ವೈದ್ಯಕೀಯ ತಪಾಸಣೆ ಇರುತ್ತದೆ. ಚಪ್ಪಟೆ ಪಾದ, ಬಣ್ಣ ಗುರುತಿಸುವ ದೃಷ್ಟಿ, ಕಿವಿ, ಹಲ್ಲು ಇವನ್ನೆಲ್ಲ ಮೊದಲ ವರ್ಷವೇ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಿ. ಹಚ್ಚೆಯ ವಿಚಾರದಲ್ಲಿ ಸಾಮಾನ್ಯ ನಿಯಮ ಬಿಗಿ: ಮುಂಗೈ ಒಳಭಾಗ ಮತ್ತು ಅಂಗೈ ಹಿಂಬದಿಯಲ್ಲಿ ಮಾತ್ರ ಇರಬಹುದು. ಕಳೆದ ಜಾತ್ರೆಯಲ್ಲಿ ರಟ್ಟೆಯ ಮೇಲೆ ‘ಅಮ್ಮ’ ಎಂದು ಬರೆಸಿಕೊಂಡು ಬಂದ ಹುಡುಗನೊಬ್ಬ ಅದನ್ನು ಹೆಮ್ಮೆಯಿಂದ ತೋರಿಸಿದ. ಅವನಿಗೆ ಏನು ಹೇಳಬೇಕೆಂದು ತೋಚದೆ, ಪರೇಡ್ ಮುಗಿದ ಮೇಲೆ ಬಾ ಎಂದೆ.