ಪಾಠ ಚೆನ್ನಾಗಿತ್ತು, ಆದರೆ ಕಲಿತಿದ್ದೆಷ್ಟು?

ಭಾರದ ಲಾರಿಯೊಂದು ಚಿಕ್ಕ ಕಾರಿಗೆ ಡಿಕ್ಕಿ ಹೊಡೆಯಿತು ಅಂದುಕೊಳ್ಳಿ. ಲಾರಿ ಕಾರಿನ ಮೇಲೆ ಹಾಕಿದ ಬಲ ಜಾಸ್ತಿಯೋ, ಕಾರು ಲಾರಿಯ ಮೇಲೆ ಹಾಕಿದ್ದೋ? ಎರಡೂ ಒಂದೇ. ನ್ಯೂಟನ್ನನ ಮೂರನೇ ನಿಯಮ ಹೇಳುವುದೇ ಅದನ್ನು. ಆದರೆ ಆ ನಿಯಮವನ್ನು ನಿದ್ದೆಗಣ್ಣಿನಲ್ಲೂ ಒಪ್ಪಿಸುವವರು ಕೂಡ ಈ ಪ್ರಶ್ನೆಗೆ ‘ಲಾರಿಯದ್ದೇ ಜಾಸ್ತಿ’ ಎಂದು ಬರೆದು ಬರುತ್ತಾರೆ.

ಇಂಥ ಪ್ರಶ್ನೆಗಳನ್ನೇ ಸೇರಿಸಿ ಅಮೆರಿಕದ ಭೌತವಿಜ್ಞಾನಿ ಡೇವಿಡ್ ಹೆಸ್ಟೆನೆಸ್ ಮತ್ತು ಸಂಗಡಿಗರು 1992ರಲ್ಲಿ ಒಂದು ಪರೀಕ್ಷೆ ಪ್ರಕಟಿಸಿದರು. ಹೆಸರು ‘ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ’. ಅದರಲ್ಲಿ ಲೆಕ್ಕವಿಲ್ಲ, ಸೂತ್ರವಿಲ್ಲ. ಪ್ರಶ್ನೆಗಳು ಎಷ್ಟು ಸರಳವಾಗಿ ಕಾಣುತ್ತವೆಂದರೆ, ಕಾಲೇಜು ಹುಡುಗರಿಗೆ ಇದನ್ನು ಕೊಡುವುದೇ ಅವಮಾನ ಅನ್ನಿಸಬೇಕು. ಜಾಣತನ ಇರುವುದು ತಪ್ಪು ಉತ್ತರಗಳಲ್ಲಿ. ಒಂದೊಂದು ತಪ್ಪು ಆಯ್ಕೆಯೂ ಜನ ನಿಜವಾಗಿ ನಂಬಿಕೊಂಡಿರುವ ಒಂದು ತಪ್ಪು ಕಲ್ಪನೆ. ಹಾಗಾಗಿ ಯಾರು ಎಲ್ಲಿ ಎಡವಿದರು ಎಂಬುದು ಕೂಡ ಗೊತ್ತಾಗುತ್ತದೆ.

ಹಾರ್ವರ್ಡ್ ವಿಶ್ವವಿದ್ಯಾಲಯದ ಎರಿಕ್ ಮಜೂರ್ ಆಗ ಒಳ್ಳೆಯ ಮೇಷ್ಟ್ರು ಎಂದು ಹೆಸರಾಗಿದ್ದವರು. ವಿದ್ಯಾರ್ಥಿಗಳು ಅವರ ಪಾಠ ಮೆಚ್ಚುತ್ತಿದ್ದರು, ಕಷ್ಟದ ಲೆಕ್ಕಗಳನ್ನೂ ಬಿಡಿಸುತ್ತಿದ್ದರು. ಹೆಸ್ಟೆನೆಸ್ ಪರೀಕ್ಷೆ ಪ್ರಕಟವಾಗುವ ಮೊದಲೇ ಅವರು ಇಂಥ ಪ್ರಶ್ನೆಗಳನ್ನು ತಮ್ಮ ಕ್ಲಾಸಿನಲ್ಲಿ ಕೊಟ್ಟಾಗ ಒಬ್ಬ ವಿದ್ಯಾರ್ಥಿನಿ ಕೇಳಿದಳು: ನೀವು ಕಲಿಸಿದ ಹಾಗೆ ಉತ್ತರ ಬರೆಯಬೇಕಾ, ನಾನು ಯೋಚಿಸುವ ಹಾಗೆ ಬರೆಯಬೇಕಾ? ಅಲ್ಲಿಯವರೆಗಿನ ಪಾಠ ಅವಳ ಯೋಚನೆಯನ್ನು ಮುಟ್ಟಿಯೇ ಇರಲಿಲ್ಲ. ಫಲಿತಾಂಶವೂ ಹಾಗೇ ಇತ್ತು.

1991ರಿಂದ ಮಜೂರ್ ತರಗತಿಯನ್ನು ನಡೆಸುವ ರೀತಿಯನ್ನೇ ಬದಲಿಸಿದರು. ಸ್ವಲ್ಪ ಹೊತ್ತು ವಿವರಣೆ, ಆಮೇಲೆ ಒಂದು ಪ್ರಶ್ನೆ. ಮೊದಲು ಎಲ್ಲರೂ ಒಬ್ಬೊಬ್ಬರೇ ಯೋಚಿಸಿ ಉತ್ತರ ಆರಿಸಬೇಕು. ನಂತರ ಪಕ್ಕದವರ ಜೊತೆ ವಾದ ಮಾಡಬೇಕು. ಆಮೇಲೆ ಮತ್ತೆ ಉತ್ತರ ಆರಿಸಬೇಕು. ಅಷ್ಟಾದ ಮೇಲೆಯೇ ಮೇಷ್ಟ್ರ ವಿವರಣೆ.

ಇಲ್ಲಿ ಒಂದು ಅನುಮಾನ ಬರುವುದು ಸಹಜ. ಗೊತ್ತಿರುವವನು ಹೇಳಿದ್ದನ್ನು ಗೊತ್ತಿಲ್ಲದವನು ಸುಮ್ನೆ ಒಪ್ಪಿಕೊಂಡರೆ ಅದು ಕಲಿಕೆ ಹೇಗಾಗುತ್ತದೆ? ಕೊಲೊರಾಡೊ ವಿಶ್ವವಿದ್ಯಾಲಯದ ತಳಿವಿಜ್ಞಾನ ತರಗತಿಯಲ್ಲಿ ಇದನ್ನೇ ಪರೀಕ್ಷಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಚರ್ಚೆ ಮುಗಿದ ಮೇಲೆ ಸರಿ ಉತ್ತರ ಹೇಳದೆ, ಅದೇ ತತ್ತ್ವದ ಬೇರೊಂದು ಪ್ರಶ್ನೆ ಕೊಟ್ಟರು. ಇದನ್ನು ಪ್ರತಿಯೊಬ್ಬರೂ ಒಬ್ಬರೇ ಬಿಡಿಸಬೇಕು. ಮೊದಲು ತಪ್ಪಿದ್ದ ಅನೇಕರು ಈ ಸಲ ಸರಿಯಾಗಿ ಉತ್ತರಿಸಿದರು. ಗುಂಪಿನಲ್ಲಿ ಯಾರಿಗೂ ಉತ್ತರ ಗೊತ್ತಿಲ್ಲದಿದ್ದಾಗಲೂ ಚರ್ಚೆಯಿಂದ ತಿಳಿವಳಿಕೆ ಹೆಚ್ಚಿತ್ತು. ಇದು ನನಗೆ ಈಗಲೂ ಅಚ್ಚರಿಯ ಸಂಗತಿ. ವಾದ ಮಾಡಬೇಕಾದರೆ ತನ್ನ ಯೋಚನೆಯನ್ನು ಬಾಯಿಬಿಟ್ಟು ಹೇಳಬೇಕು. ಹೇಳುವಾಗಲೇ ಅದರ ತೂತು ಕಾಣಿಸುತ್ತದೆ.

ಒಂದೆರಡು ತರಗತಿಗಳ ಕಥೆ ಸಾಕೇ? ಸಾಲದು. 1998ರಲ್ಲಿ ರಿಚರ್ಡ್ ಹೇಕ್ ಎಂಬ ಭೌತವಿಜ್ಞಾನಿ 62 ಕೋರ್ಸುಗಳ 6,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಂಕಗಳನ್ನು ಒಟ್ಟುಗೂಡಿಸಿದರು. ಕೋರ್ಸಿನ ಆರಂಭದಲ್ಲಿ ಒಂದು ಪರೀಕ್ಷೆ, ಕೊನೆಯಲ್ಲಿ ಒಂದು. ಆರಂಭದಲ್ಲಿ ಗೊತ್ತಿಲ್ಲದಿದ್ದುದರಲ್ಲಿ ಎಷ್ಟು ಪಾಲು ಕಲಿತರು ಎಂಬುದು ಅವರ ಲೆಕ್ಕ. ಬರೀ ಉಪನ್ಯಾಸ ಕೇಳಿದ ತರಗತಿಗಳಲ್ಲಿ ಆ ಪಾಲು ಸರಾಸರಿ 23%. ವಿದ್ಯಾರ್ಥಿಗಳನ್ನು ಯೋಚನೆಗೆ, ಚರ್ಚೆಗೆ ಹಚ್ಚಿದ ತರಗತಿಗಳಲ್ಲಿ 48%. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಕೋರ್ಸುಗಳ 225 ಅಧ್ಯಯನಗಳನ್ನು ಜೋಡಿಸಿ ನೋಡಿದಾಗಲೂ ದಿಕ್ಕು ಅದೇ. ಉಪನ್ಯಾಸದ ತರಗತಿಗಳಲ್ಲಿ ಸರಾಸರಿ 33.8% ಮಂದಿ ಫೇಲಾದರೆ, ಉಳಿದವುಗಳಲ್ಲಿ 21.8%.

ಇಷ್ಟೆಲ್ಲ ಗೊತ್ತಿದ್ದೂ ಉಪನ್ಯಾಸ ಯಾಕೆ ಇನ್ನೂ ಗಟ್ಟಿಯಾಗಿ ಕೂತಿದೆ? ಸಮಯ ಸಾಲದು, ಸಿಲಬಸ್ ಮುಗಿಯುವುದಿಲ್ಲ ಎಂಬ ಕಾರಣಗಳು ಇದ್ದೇ ಇವೆ. ಆದರೆ ನನ್ನ ಪ್ರಕಾರ ದೊಡ್ಡ ಕಾರಣ ಬೇರೆ. ಒಳ್ಳೆಯ ಉಪನ್ಯಾಸ ಕೇಳುತ್ತಿದ್ದರೆ ಎಲ್ಲ ಅರ್ಥವಾಗುತ್ತಿದೆ ಅನ್ನಿಸುತ್ತದೆ.

ಇದನ್ನು ತೋರಿಸಿಕೊಟ್ಟ ಪ್ರಯೋಗ ನಡೆದಿದ್ದೂ ಹಾರ್ವರ್ಡ್‌ನಲ್ಲೇ. ಲೂಯಿ ಡೆಲೊರಿಯೆ ಮತ್ತು ಸಂಗಡಿಗರು ಅದನ್ನು 2019ರಲ್ಲಿ ಪ್ರಕಟಿಸಿದರು. ಭೌತವಿಜ್ಞಾನದ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಎರಡಕ್ಕೂ ಒಂದೇ ವಿಷಯ, ಒಂದೇ ಮುದ್ರಿತ ಹಾಳೆಗಳು. ಒಂದು ಗುಂಪಿಗೆ ಅನುಭವಿ ಅಧ್ಯಾಪಕರು ಲೆಕ್ಕಗಳನ್ನು ನಯವಾಗಿ ಬಿಡಿಸಿ ತೋರಿಸಿದರು. ಇನ್ನೊಂದು ಗುಂಪಿನವರು ಅದೇ ಲೆಕ್ಕಗಳನ್ನು ಮೊದಲು ತಾವೇ ಒದ್ದಾಡಿ ಬಿಡಿಸಬೇಕಿತ್ತು, ಉತ್ತರ ಆಮೇಲೆ. ಮುಂದಿನ ಪಾಠಕ್ಕೆ ಗುಂಪುಗಳನ್ನು ಅದಲುಬದಲು ಮಾಡಿದರು. ಕ್ಲಾಸು ಮುಗಿದ ಮೇಲೆ ಎರಡು ಸಂಗತಿ ಅಳೆದರು: ಎಷ್ಟು ಕಲಿತೆವು ಅಂತ ಅವರಿಗೆ ಅನ್ನಿಸಿತು, ನಿಜವಾಗಿ ಎಷ್ಟು ಕಲಿತಿದ್ದರು. ಒದ್ದಾಡಿದವರು ಪರೀಕ್ಷೆಯಲ್ಲಿ ಮುಂದಿದ್ದರು. ‘ಹೆಚ್ಚು ಕಲಿತೆವು’ ಎಂದವರು ಉಪನ್ಯಾಸ ಕೇಳಿದವರು!

ಓದುವುದರಲ್ಲೂ ಇದೇ ಮೋಸ ನಡೆಯುತ್ತದೆ. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಕೆಲವರು ಒಂದು ಪಠ್ಯವನ್ನು ನಾಲ್ಕು ಅವಧಿ ಓದಿದರು. ಇನ್ನು ಕೆಲವರು ಒಂದು ಅವಧಿ ಓದಿ, ಮೂರು ಸಲ ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದೆ: 83%, ಬರೆದವರದ್ದು 71%. ಒಂದು ವಾರ ಬಿಟ್ಟು ಕೇಳಿದಾಗ ಓದಿದವರು 40ಕ್ಕೆ ಇಳಿದಿದ್ದರು, ಬರೆದವರು 61ರಲ್ಲಿದ್ದರು.

ಅನ್ನಿಸಿಕೆಗೂ ಕಲಿಕೆಗೂ ಇಷ್ಟು ಅಂತರವಿದ್ದರೆ, ವಿದ್ಯಾರ್ಥಿಗಳ ಅಭಿಪ್ರಾಯದ ಫಾರ್ಮ್ ನೋಡಿ ಮೇಷ್ಟ್ರನ್ನು ಅಳೆಯುವುದು ಎಷ್ಟು ಸರಿ? ಅಮೆರಿಕದ ವಾಯುಪಡೆ ಅಕಾಡೆಮಿಯಲ್ಲಿ ವಿದ್ಯಾರ್ಥಿಗೆ ಯಾವ ಅಧ್ಯಾಪಕ ಸಿಗುತ್ತಾರೆ ಎಂಬುದನ್ನು ಅದೃಷ್ಟಕ್ಕೆ ಬಿಡುತ್ತಾರೆ, ಪರೀಕ್ಷೆಯೂ ಎಲ್ಲರಿಗೂ ಒಂದೇ. ಸಂಶೋಧಕರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. 2010ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನದಲ್ಲಿ, ಅನುಭವ ಕಡಿಮೆ ಇರುವ ಅಧ್ಯಾಪಕರ ವಿದ್ಯಾರ್ಥಿಗಳು ಆ ಕೋರ್ಸಿನಲ್ಲಿ ಜಾಸ್ತಿ ಅಂಕ ಪಡೆದರು, ಮೇಷ್ಟ್ರಿಗೂ ಜಾಸ್ತಿ ಅಂಕ ಕೊಟ್ಟರು. ಅದೇ ವಿಷಯದ ಮುಂದಿನ ಕೋರ್ಸಿಗೆ ಹೋದಾಗ ಮೇಲುಗೈ ಆಗಿದ್ದು ಅನುಭವಿಗಳ ಬಳಿ ಕಲಿತವರದ್ದು. ಫಾರ್ಮುಗಳನ್ನು ಹರಿದೆಸೆಯಿರಿ ಅಂತ ನಾನು ಹೇಳುತ್ತಿಲ್ಲ. ಕ್ಲಾಸಿನಲ್ಲಿ ಧ್ವನಿ ಕೇಳಿಸುತ್ತಿತ್ತೇ, ಮೇಷ್ಟ್ರು ಸಮಯಕ್ಕೆ ಬರುತ್ತಿದ್ದರೇ ಎಂಬುದನ್ನು ವಿದ್ಯಾರ್ಥಿಗಳೇ ಹೇಳಬೇಕು. ಎಷ್ಟು ಕಲಿತರು ಎಂಬುದಕ್ಕೆ ಮಾತ್ರ ಬೇರೆ ಅಳತೆ ಬೇಕು.

ಆರಂಭದಲ್ಲೊಂದು, ಕೊನೆಯಲ್ಲೊಂದು ಪರೀಕ್ಷೆ ಕೊಟ್ಟು ಹೋಲಿಸುವುದು ಯಾವ ಅಧ್ಯಾಪಕರಿಗೂ ಆಗದ ಕೆಲಸವಲ್ಲ. ಆದರೆ ಬೋಧನೆಯ ರೀತಿ ಬದಲಿಸಿದ ಮೊದಲ ವಾರಗಳಲ್ಲೇ ವಿದ್ಯಾರ್ಥಿಗಳು ಗೊಣಗಬಹುದು. ‘ನಾವೇ ಕಲಿಯುವುದಾದರೆ ನೀವ್ಯಾಕೆ?’ ಅನ್ನಬಹುದು. ಹಾರ್ವರ್ಡ್ ತಂಡ ಇದಕ್ಕೂ ಒಂದು ದಾರಿ ಪರೀಕ್ಷಿಸಿತು. ಸೆಮಿಸ್ಟರಿನ ಶುರುವಿನಲ್ಲೇ ಅಧ್ಯಾಪಕರು ಈ ಭ್ರಮೆಯ ಬಗ್ಗೆ ವಿದ್ಯಾರ್ಥಿಗಳಿಗೆ ವಿವರಿಸಿದರು. ಒದ್ದಾಟ ಅಂದರೆ ಕಲಿಯುತ್ತಿಲ್ಲ ಅಂತಲ್ಲ ಎಂದು ಮೊದಲೇ ಹೇಳಿದರು. ಸೆಮಿಸ್ಟರ್ ಮುಗಿಯುವಾಗ ಕೇಳಿದರೆ, ಈ ರೀತಿಯ ತರಗತಿಯ ಬಗ್ಗೆ ತಮ್ಮ ಅಭಿಪ್ರಾಯ ಸುಧಾರಿಸಿದೆ ಎಂದವರೇ ಹೆಚ್ಚು.