ಬರಲೆಂದೂ ಹರಕೆ, ನಿಲ್ಲಲೆಂದೂ ಹರಕೆ: ಮಳೆ ಯಾರ ಮಾತು ಕೇಳುತ್ತದೆ?

ಶೃಂಗೇರಿಗೆ ಹತ್ತಿರದ ಕಿಗ್ಗದಲ್ಲಿರುವ ಋಷ್ಯಶೃಂಗೇಶ್ವರನನ್ನು ಮಲೆನಾಡಿನವರು ಮಳೆ ದೇವರು ಎಂದೇ ಕರೆಯುತ್ತಾರೆ. ಅಂಗ ದೇಶಕ್ಕೆ ಬರ ಬಂದಾಗ ರೋಮಪಾದ ರಾಜ ವಿಭಾಂಡಕರ ಮಗ ಋಷ್ಯಶೃಂಗನನ್ನು ಉಪಾಯದಿಂದ ಕರೆಸಿಕೊಂಡದ್ದು, ಆ ಮುನಿ ಕಾಲಿಟ್ಟ ಕೂಡಲೇ ಮಳೆ ಸುರಿದದ್ದು ನಮಗೆಲ್ಲ ಗೊತ್ತಿರುವ ಕಥೆ. ಹಾಗಾಗಿ ಮುಂಗಾರು ಕೈಕೊಟ್ಟ ವರ್ಷ ಇಲ್ಲಿಗೆ ರೈತರು ಬರುತ್ತಾರೆ, ಮಂತ್ರಿಗಳೂ ಬರುತ್ತಾರೆ. ಮಳೆ ಮಿತಿಮೀರಿದ ವರ್ಷ ಇದೇ ದೇವರ ಮುಂದೆ ‘ಸಾಕು, ನಿಲ್ಲಿಸಪ್ಪ’ ಎಂದು ಕೈಮುಗಿಯುವವರೂ ಇದ್ದಾರೆ.

ಈ ಎರಡು ಬೇಡಿಕೆಗಳು ಬೇರೆ ಬೇರೆ ವರ್ಷಗಳಲ್ಲೇ ಬರಬೇಕೆಂದಿಲ್ಲ, ಒಂದೇ ವಾರದಲ್ಲೂ ಬರಬಹುದು. ಜುಲೈ ತಿಂಗಳ ಅಡಿಕೆ ತೋಟವನ್ನೇ ನೋಡಿ. ಮಳೆಗಾಲಕ್ಕೆ ಮೊದಲೇ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಹೊಡೆದಾಗಿರುತ್ತದೆ. ಒಂದೂವರೆ ತಿಂಗಳ ನಂತರ ಇನ್ನೊಂದು ಸುತ್ತು ಹೊಡೆಯಲೇಬೇಕು. ಅದಕ್ಕೆ ಹೊಳವು, ಅಂದರೆ ಮಳೆಯ ಬಿಡುವು, ಬೇಕು. ಜಾರುವ ಮರ ಹತ್ತುವವರಿಲ್ಲ, ಹತ್ತಿ ಹೊಡೆದರೂ ತೊಟ್ಟಿಗೆ ಔಷಧಿ ಹಿಡಿಯುವ ಮೊದಲೇ ಮಳೆ ತೊಳೆದುಕೊಂಡು ಹೋಗುತ್ತದೆ. ಹೊಳವೇ ಸಿಗದಿದ್ದರೆ ಫೈಟಾಫ್ಥೊರಾ ಎಂಬ ಸೂಕ್ಷ್ಮಜೀವಿ ಗೊನೆಗೆ ತಗುಲಿ ಎಳೆಕಾಯಿ ಉದುರುತ್ತದೆ. ಅದೇ ಕೊಳೆರೋಗ. ಹೀಗಾಗಿ ತೋಟದವನ ಮೊರೆ: ನಾಲ್ಕು ದಿನ ಬಿಡುವು ಕೊಡು.

ಆದರೆ ಶೃಂಗೇರಿ ಸೀಮೆಯಲ್ಲಿ ಬಿದ್ದ ಮಳೆ ತುಂಗೆಯಲ್ಲಿ ಹರಿದು, ಕೂಡಲಿಯಲ್ಲಿ ಭದ್ರೆಯನ್ನು ಸೇರಿ, ಹೊಸಪೇಟೆಯ ಅಣೆಕಟ್ಟು ತುಂಬಬೇಕು. ಗಂಗಾವತಿಯಲ್ಲಿ, ಸಿಂಧನೂರಿನಲ್ಲಿ ಭತ್ತದ ಸಸಿಮಡಿ ಮಾಡಿಕೊಂಡವರು ಕಾಲುವೆಗೆ ಯಾವಾಗ ನೀರು ಬಿಡುತ್ತಾರೆಂದು ಕಾಯುತ್ತಿರುತ್ತಾರೆ. ಅವರ ಮೊರೆ: ಮಲೆನಾಡಿನಲ್ಲಿ ಬಿಡದೆ ಹೊಯ್ಯಲಿ. ಬೇಸಿಗೆಯಲ್ಲೂ ಇದೇ ತಕರಾರು. ಫೆಬ್ರುವರಿ, ಮಾರ್ಚ್‌ನಲ್ಲಿ ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ಹೂಮಳೆಗಾಗಿ ಮುಗಿಲು ನೋಡುವಾಗ, ವಿಜಯಪುರದಲ್ಲಿ ದ್ರಾಕ್ಷಿ ಒಣಗಲು ಹಾಕಿದವರು ಮೋಡ ಕಂಡರೆ ಬೆಚ್ಚಿಬೀಳುತ್ತಾರೆ.

ದೇವರು ಯಾರ ಮಾತು ಕೇಳಬೇಕು? ಈ ಪ್ರಶ್ನೆ ಹಳೆಯದು, ನಾಸ್ತಿಕರು ಮಾತ್ರ ಕೇಳಿದ್ದೂ ಅಲ್ಲ. ಎರಡನೇ ಶತಮಾನದ ಲೂಸಿಯನ್ ಎಂಬ ಗ್ರೀಕ್ ವಿಡಂಬನಕಾರನ ಕಥೆಯೊಂದರಲ್ಲಿ ದೇವರಾಜ ಸ್ಯೂಸ್ ಬಾವಿಯಂಥ ಕಿಂಡಿಗಳ ಮುಚ್ಚಳ ತೆಗೆದು ಭೂಲೋಕದ ಪ್ರಾರ್ಥನೆಗಳನ್ನು ಆಲಿಸುತ್ತಾನೆ. ಒಬ್ಬ ನಾವಿಕನಿಗೆ ಬಡಗಣ ಗಾಳಿ ಬೇಕು, ಇನ್ನೊಬ್ಬನಿಗೆ ತೆಂಕಣ ಗಾಳಿ. ರೈತನಿಗೆ ಮಳೆ ಬೇಕು, ಅಗಸನಿಗೆ ಬಿಸಿಲು. ಇಬ್ಬರು ತದ್ವಿರುದ್ಧ ವರ ಕೇಳಿ, ಸಮಸಮವಾಗಿ ಬಲಿ ಕೊಡುತ್ತೇವೆಂದು ಹರಸಿಕೊಂಡಾಗಲಂತೂ ಸ್ಯೂಸ್ ಏನೂ ತೋಚದೆ ಕೂರುತ್ತಾನೆ. ಯಹೂದಿಗಳ ಧರ್ಮಗ್ರಂಥ ತಾಲ್ಮುದ್ ಇದಕ್ಕೆ ಆಡಳಿತಾತ್ಮಕ ಪರಿಹಾರವನ್ನೇ ಕೊಟ್ಟಿದೆ. ವರ್ಷದ ಅತಿ ಪವಿತ್ರ ದಿನದಂದು ಜೆರುಸಲೇಮಿನ ದೇವಾಲಯದ ಮಹಾಯಾಜಕ ಗರ್ಭಗುಡಿಗೆ ಹೋಗಿಬಂದು ಮಾಡುತ್ತಿದ್ದ ಚಿಕ್ಕ ಪ್ರಾರ್ಥನೆಯಲ್ಲಿ, ಲೋಕಕ್ಕೆ ಮಳೆ ಬೇಕಾದಾಗ ದಾರಿಹೋಕರ ಪ್ರಾರ್ಥನೆ ನಿನ್ನ ಕಿವಿಗೆ ಬೀಳದಿರಲಿ ಎಂಬ ಮಾತೂ ಇತ್ತು. ಅಂದರೆ, ಇನ್ನೊಬ್ಬರ ಪ್ರಾರ್ಥನೆ ಫಲಿಸಬಾರದೆಂದು ಒಂದು ಪ್ರಾರ್ಥನೆ! ಇನ್ನು ಅಮೆರಿಕದ ಅಂತರ್ಯುದ್ಧ ಮುಗಿಯುವ ಹೊತ್ತಿಗೆ, 1865ರ ಮಾರ್ಚ್ 4ರಂದು ಎರಡನೇ ಸಲ ಅಧ್ಯಕ್ಷನಾಗಿ ಪ್ರಮಾಣ ಮಾಡಿದ ಅಬ್ರಹಾಂ ಲಿಂಕನ್ ಇದನ್ನೇ ನೇರವಾಗಿ ಹೇಳಿದ. ಎರಡೂ ಕಡೆಯವರು ಓದುವುದು ಒಂದೇ ಬೈಬಲ್, ಬೇಡುವುದು ಒಬ್ಬನೇ ದೇವರನ್ನು, ಅದೂ ಒಬ್ಬರ ಮೇಲೊಬ್ಬರು ಗೆಲ್ಲಲೆಂದು. ಇಬ್ಬರ ಪ್ರಾರ್ಥನೆಯೂ ಫಲಿಸುವಂತಿರಲಿಲ್ಲ, ಪೂರ್ತಿಯಾಗಿ ಯಾರದ್ದೂ ಫಲಿಸಲಿಲ್ಲ ಎಂದ.

ಭಕ್ತಿಯ ಪಕ್ಷದವರ ಬಳಿ ಇದಕ್ಕೆ ಉತ್ತರವಿದೆ. ಯಾರಿಗೆ ಯಾವುದು ಹಿತವೋ ಅದನ್ನು ದೇವರು ಕೊಡುತ್ತಾನೆ, ಕೇಳಿದ್ದನ್ನಲ್ಲ ಎನ್ನುತ್ತಾರೆ ಅವರು. ಗೀತೆ ಭಕ್ತರಲ್ಲೇ ಆರ್ತ, ಜಿಜ್ಞಾಸು, ಅರ್ಥಾರ್ಥಿ, ಜ್ಞಾನಿ ಎಂದು ನಾಲ್ಕು ಬಗೆ ಮಾಡಿದೆ. ಜಿಜ್ಞಾಸುವಿನ, ಜ್ಞಾನಿಯ ಪ್ರಾರ್ಥನೆಯನ್ನು ಅಳೆಯುವ ಗೋಜಿಗೆ ವಿಜ್ಞಾನ ಹೋಗಬೇಕಿಲ್ಲ. ಇಂಥದ್ದು ಆಗಲಿ ಎಂದು ಕೇಳುವ ಆರ್ತರು, ಅರ್ಥಾರ್ಥಿಗಳದ್ದು ಹಾಗಲ್ಲ. ಆಯಿತೋ ಇಲ್ಲವೋ ಎಂದು ನೋಡಬಹುದು. ಆದರೆ ಎಣಿಸುವ ಮೊದಲು ಒಂದು ಎಚ್ಚರ ಬೇಕು. ಎರಡು ತಂಡಗಳ ಅಭಿಮಾನಿಗಳೂ ಪ್ರಾರ್ಥಿಸುವ, ಡ್ರಾ ಆಗದ ಪಂದ್ಯದಲ್ಲಿ ಒಂದು ಕಡೆಯವರ ಪ್ರಾರ್ಥನೆ ‘ಫಲಿಸಿಯೇ’ ತೀರುತ್ತದೆ. ದೇವರಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. 2023ರ ನವೆಂಬರ್ 19ರಂದು ಅಹಮದಾಬಾದಿನ ವಿಶ್ವಕಪ್ ಫೈನಲ್‌ಗೆ ಮುನ್ನ ನಮ್ಮಲ್ಲಿ ಊರೂರಲ್ಲಿ ಹೋಮಗಳಾದವು, ಗೆದ್ದದ್ದು ಆಸ್ಟ್ರೇಲಿಯಾ. ಸೋತ ಹೋಮವನ್ನು ವರ್ಷ ಕಳೆಯುವುದರೊಳಗೆ ಮರೆಯುತ್ತೇವೆ. ಗೆದ್ದಿದ್ದರೆ ಆ ಪುರೋಹಿತರ ಸಂದರ್ಶನ ಎಲ್ಲ ಚಾನೆಲ್‌ಗಳಲ್ಲೂ ಬಂದಿರುತ್ತಿತ್ತು.

ಪ್ರಾರ್ಥನೆಯನ್ನು ಅಂಕಿಅಂಶಕ್ಕೆ ಒಡ್ಡಲು ಮೊದಲು ಹೊರಟವರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಒಬ್ಬ. 1872ರಲ್ಲಿ ಆತ ಪ್ರಕಟಿಸಿದ ಲೇಖನದ ತರ್ಕ ಇಷ್ಟು: ದೇಶದ ಚರ್ಚುಗಳಲ್ಲೆಲ್ಲ ರಾಜಮನೆತನದ ಆಯುರಾರೋಗ್ಯಕ್ಕೆ ಪ್ರಾರ್ಥನೆ ನಡೆಯುತ್ತದೆ, ಹಾಗಾದರೆ ಅವರು ಉಳಿದವರಿಗಿಂತ ಹೆಚ್ಚು ಬದುಕಬೇಕಲ್ಲ? ಮೂವತ್ತು ವರ್ಷ ದಾಟಿದ ಗಂಡಸರ ಲೆಕ್ಕ ತೆಗೆದ. ಅಪಘಾತ, ಹಿಂಸೆಯ ಸಾವುಗಳನ್ನು ಬಿಟ್ಟು ನೋಡಿದರೆ ರಾಜಮನೆತನದ 97 ಮಂದಿ ಬದುಕಿದ್ದು ಸರಾಸರಿ 64.04 ವರ್ಷ. ವಕೀಲರದ್ದು 68.14, ಪಾದ್ರಿಗಳದ್ದು 69.49, ಜಮೀನುದಾರ ಕುಳಗಳದ್ದು 70.22. ಪಟ್ಟಿಯಲ್ಲಿ ಅರಸುಗಳೇ ಕೊನೆ. ಅರಮನೆಯ ಬದುಕು ಇನ್ನೂ ಮಾರಕವಾಗಿದ್ದು, ಪ್ರಾರ್ಥನೆ ಅದನ್ನು ಒಂದಷ್ಟು ತಗ್ಗಿಸಿರಬಹುದಲ್ಲ ಎಂಬ ಆಕ್ಷೇಪವನ್ನು ಗಾಲ್ಟನ್ ತಾನೇ ಎತ್ತಿ, ತುಟಿಯಂಚಿನಲ್ಲೇ ನಕ್ಕು ಪಕ್ಕಕ್ಕಿಟ್ಟ. ನನಗೆ ಆ ಆಕ್ಷೇಪ ಅಷ್ಟು ಹಗುರವೆನ್ನಿಸುವುದಿಲ್ಲ. ಪ್ರಾರ್ಥನೆ ಇಲ್ಲದ ರಾಜಮನೆತನವೊಂದು ಹೋಲಿಕೆಗೆ ಸಿಗದೆ ಅದನ್ನು ತಳ್ಳಿಹಾಕುವಂತಿಲ್ಲ.

ಹೋಲಿಕೆಗೆ ಸಿಗುವ ಗುಂಪನ್ನು ಕಟ್ಟಿಕೊಂಡೇ ನಡೆದದ್ದು ಅಮೆರಿಕದ ಆರು ಆಸ್ಪತ್ರೆಗಳ ಅಧ್ಯಯನ. ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಬಂದ 1802 ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಮೊದಲ ಎರಡು ಗುಂಪಿನವರಿಗೆ ‘ನಿಮಗಾಗಿ ಪ್ರಾರ್ಥನೆ ನಡೆಯಬಹುದು, ನಡೆಯದೆಯೂ ಇರಬಹುದು’ ಎಂದರು; ಒಂದಕ್ಕೆ ನಡೆಯಿತು, ಇನ್ನೊಂದಕ್ಕೆ ಇಲ್ಲ. ಮೂರನೆಯವರಿಗೆ ಖಚಿತವಾಗಿ ನಡೆಯುತ್ತದೆಂದು ಹೇಳಿ, ನಡೆಸಿದರು. ದೂರದ ಕ್ರೈಸ್ತ ಪ್ರಾರ್ಥನಾ ಗುಂಪುಗಳಿಗೆ ರೋಗಿಯ ಹೆಸರು, ಅಡ್ಡಹೆಸರಿನ ಮೊದಲಕ್ಷರ ಮಾತ್ರ ಹೋಗುತ್ತಿತ್ತು. 2006ರಲ್ಲಿ ಫಲಿತಾಂಶ ಬಂತು. ತಿಂಗಳೊಳಗೆ ಏನಾದರೊಂದು ತೊಡಕು ಕಾಣಿಸಿಕೊಂಡವರು ಪ್ರಾರ್ಥನೆ ಸಿಕ್ಕ ಮೊದಲ ಗುಂಪಿನಲ್ಲಿ ಶೇ 52, ಸಿಗದ ಗುಂಪಿನಲ್ಲಿ ಶೇ 51. ಪ್ರಾರ್ಥನೆ ನಡೆಯುತ್ತಿದೆ ಎಂದು ಖಚಿತವಾಗಿ ಗೊತ್ತಿದ್ದವರಲ್ಲಿ ಶೇ 59! ಇದು ಆಕಸ್ಮಿಕವೂ ಇದ್ದೀತು ಎಂದು ಸಂಶೋಧಕರು ಎಚ್ಚರಿಸಿದ್ದಾರೆ. ‘ನನಗಾಗಿ ಅಪರಿಚಿತರಿಂದ ಪ್ರಾರ್ಥನೆ ಮಾಡಿಸುತ್ತಿದ್ದಾರೆಂದರೆ ನನ್ನ ಕಥೆ ಮುಗಿದಿರಬೇಕು’ ಎಂಬ ದಿಗಿಲು ರೋಗಿಗೆ ಹುಟ್ಟಿರಬಹುದೆಂಬ ಊಹೆಯೂ ಬಂತು.

ಈ ಅಧ್ಯಯನಕ್ಕೂ ಒಂದು ತೂತಿದೆ. ಆಪರೇಷನ್ ಥಿಯೇಟರಿನ ಹೊರಗೆ ಕೂತ ಹೆಂಡತಿಗೆ, ಅಣ್ಣತಮ್ಮಂದಿರಿಗೆ ‘ನೀವು ದೇವರನ್ನು ನೆನೆಯಬೇಡಿ, ನಿಮ್ಮವರು ಪ್ರಾರ್ಥನೆ ಇಲ್ಲದ ಗುಂಪು’ ಎನ್ನಲಾಗುತ್ತದೆಯೇ? ಅಳೆದದ್ದು ಪ್ರಾರ್ಥನೆಯನ್ನಲ್ಲ, ಇದ್ದ ಪ್ರಾರ್ಥನೆಯ ಮೇಲೆ ಅಪರಿಚಿತರು ಸೇರಿಸಿದ್ದನ್ನು. ಹಾಗಿದ್ದರೂ ಒಂದಿಷ್ಟು ವ್ಯತ್ಯಾಸವಾದರೂ ಕಾಣಬೇಕಿತ್ತು, ಕಾಣಲಿಲ್ಲ. ಇನ್ನು ಪ್ರಾರ್ಥಿಸುವವನ ಮೇಲೇ ಆಗುವ ಪರಿಣಾಮ, ಉಸಿರು ನಿಧಾನವಾಗುವುದು, ಮನಸ್ಸು ಹಿಡಿತಕ್ಕೆ ಬರುವುದು, ಬೇರೆಯೇ ಮಾತು. ಅಲ್ಲಿ ಎದುರು ಬದುರಿನ ತಕರಾರೇ ಇಲ್ಲ. ಪೆನಾಲ್ಟಿ ಒದೆಯುವವನೂ ಸಮಾಧಾನ ಪಡೆಯಬಹುದು, ಗೋಲ್‌ಕೀಪರನೂ ಪಡೆಯಬಹುದು. ಚೆಂಡು ಮಾತ್ರ ಒಂದೇ ಕಡೆಗೆ ಹೋಗುತ್ತದೆ.

ಮಳೆಗೆ ಮರಳೋಣ. ನನ್ನನ್ನು ಕಾಡುವುದು ಎದುರುಬದುರು ಪ್ರಾರ್ಥನೆಗಳಲ್ಲಿ ಒಂದು ಸೋಲಲೇಬೇಕು ಎಂಬುದಲ್ಲ. ಮಳೆಯ ವಿಷಯದಲ್ಲಿ ಎರಡೂ ಗೆದ್ದಂತೆ ಕಾಣುತ್ತವಲ್ಲ, ಅದು. ಇದರ ಬೀಗದ ಕೈ ಇದೇ ಗಾಲ್ಟನ್‌ನ ಇನ್ನೊಂದು ಕೆಲಸದಲ್ಲಿದೆ. 1886ರಲ್ಲಿ ಆತ 205 ಜೋಡಿ ತಂದೆತಾಯಿ, ಅವರ 928 ಮಕ್ಕಳ ಎತ್ತರ ಹೋಲಿಸಿದ. ತೀರಾ ಎತ್ತರದವರ ಮಕ್ಕಳು ಸಾಮಾನ್ಯವಾಗಿ ಅಷ್ಟು ಎತ್ತರವಿರಲಿಲ್ಲ, ತೀರಾ ಕುಳ್ಳರ ಮಕ್ಕಳು ಅಷ್ಟು ಕುಳ್ಳರಾಗಿರಲಿಲ್ಲ. ವಿಪರೀತವಾದದ್ದರ ಮುಂದಿನ ಸರದಿ ಸರಾಸರಿಯ ಹತ್ತಿರಕ್ಕೆ ಸರಿಯುತ್ತದೆ. ಆಕಸ್ಮಿಕದ ಪಾಲು ಇರುವ ಯಾವ ಅಳತೆಗೂ, ಮಳೆಗೂ ಜ್ವರಕ್ಕೂ ಬ್ಯಾಟ್ಸ್‌ಮನ್‌ನ ರನ್ನುಗಳಿಗೂ, ಇದು ಹೊಂದುತ್ತದೆ.

ನಾವು ಹರಕೆ ಹೊರುವುದು ಯಾವಾಗ? ಮಳೆ ಹದವಾಗಿ ಬರುತ್ತಿದ್ದಾಗ ಯಾರೂ ಪರ್ಜನ್ಯ ಜಪ ಮಾಡಿಸುವುದಿಲ್ಲ. ಬಾವಿ ತಳ ಕಂಡು, ದನಕ್ಕೆ ಮೇವಿಲ್ಲದೆ, ಇನ್ನು ತಡೆಯಲಾಗದು ಎನ್ನುವಾಗ ಮಾಡಿಸುತ್ತೇವೆ. ಅಂಥ ತಳ ಮುಟ್ಟಿದ ಹೊತ್ತಿನ ಮುಂದಿನ ದಿನಗಳು ಸ್ವಲ್ಪ ಸುಧಾರಿಸುವ ಸಂಭವವೇ ಹೆಚ್ಚು. ಮಳೆ ನಿಲ್ಲಲೆಂದು ಬೇಡುವುದೂ ಧರೆ ಕುಸಿದು, ಸೇತುವೆ ಮುಳುಗಿದ ಮೇಲೆಯೇ. ಆ ಅಬ್ಬರ ತಿಂಗಳುಗಟ್ಟಲೆ ನಡೆಯುವುದು ಅಪರೂಪ. ಇದಕ್ಕೆ ಪಂಚಾಂಗದ ಸಹಾಯವೂ ಉಂಟು. ಬರುವ ಮಳೆಗಾಗಿ ಪ್ರಾರ್ಥನೆ ನಡೆಯುವುದು ಹೆಚ್ಚಾಗಿ ಜೂನ್‌ನಲ್ಲಿ. ಅದರ ಮುಂದೆ ಜುಲೈ ಇದೆ, ಪುನರ್ವಸು, ಪುಷ್ಯದ ಮಳೆಗಳಿವೆ. ಜೂನ್‌ನಲ್ಲಿ ಮಾಡಿದ ಹೋಮ ಸೋಲಬೇಕೆಂದರೆ ಇಡೀ ಮುಂಗಾರೇ ಸೋಲಬೇಕು.

2019 ಇದಕ್ಕೆ ಹೇಳಿ ಮಾಡಿಸಿದ ವರ್ಷ. ಮುಂಗಾರು ಕೇರಳ ಮುಟ್ಟಿದ್ದೇ ಜೂನ್ 8ಕ್ಕೆ, ಒಂದು ವಾರ ತಡ. ಅದಕ್ಕೆ ಎರಡು ದಿನ ಮೊದಲು ಮುಜರಾಯಿ ಇಲಾಖೆಯ ಸೂಚನೆಯಂತೆ ರಾಜ್ಯದ ದೇವಸ್ಥಾನಗಳಲ್ಲಿ ಪರ್ಜನ್ಯ ಹೋಮ ನಡೆದಿತ್ತು. ಉಡುಪಿಯಲ್ಲಿ ವರುಣ, ವರ್ಷಾ ಎಂಬ ಕಪ್ಪೆಗಳಿಗೆ ಮಾಂಗಲ್ಯ ಸಹಿತ ಮದುವೆಯಾದದ್ದು ಸರಿಯಾಗಿ ಆ ಜೂನ್ 8ರಂದು. ಆದರೂ ಜೂನ್ ಮುಗಿದಾಗ ದೇಶದ ಮಳೆ ವಾಡಿಕೆಗಿಂತ ಶೇ 33 ಕಡಿಮೆ. ಆಗಸ್ಟ್ ಎರಡನೇ ವಾರದ ಹೊತ್ತಿಗೆ ಬೆಳಗಾವಿ, ಬಾಗಲಕೋಟೆ ನೀರಲ್ಲಿ ನಿಂತಿದ್ದವು, ಕೊಡಗು, ಚಿಕ್ಕಮಗಳೂರಿನಲ್ಲಿ ಗುಡ್ಡ ಜರಿಯುತ್ತಿತ್ತು. ಹೋಮ ಫಲಿಸಿತೆನ್ನಬೇಕೋ, ಕೈಮೀರಿ ಫಲಿಸಿತೆನ್ನಬೇಕೋ?

ಅದೇ ವರ್ಷ ಜುಲೈನಲ್ಲಿ ಭೋಪಾಲದಲ್ಲೂ ಮಳೆಗಾಗಿ ಕಪ್ಪೆಗಳ ಮದುವೆ ಮಾಡಿದ್ದರು. ಮಳೆ ಬಂತು, ಬರುತ್ತಲೇ ಇತ್ತು. ಸೆಪ್ಟೆಂಬರ್ ಎರಡನೇ ವಾರ ಮಾಡಿಸಿದವರೇ ಶಾಸ್ತ್ರೋಕ್ತವಾಗಿ ಕಪ್ಪೆಗಳಿಗೆ ವಿಚ್ಛೇದನ ಕೊಡಿಸಿದರು. ಬೇರೆ ಯಾವ ವರ್ಷವಾದರೂ ಇದು ಗೆಲ್ಲುವ ಬಾಜಿ. ಮುಂಗಾರು ವಾಪಸಾಗುವ ಕಾಲದಲ್ಲಿ ಮಳೆ ನಿಲ್ಲಲೆಂದು ಕೇಳಿದರೆ ನಿಲ್ಲದೆ ಏನು ಮಾಡೀತು! ಆದರೆ 2019ರ ಸೆಪ್ಟೆಂಬರ್‌ನಲ್ಲಿ ದೇಶದಲ್ಲಿ ವಾಡಿಕೆಗಿಂತ ಶೇ 52 ಹೆಚ್ಚು ಮಳೆಯಾಯಿತು. 1917ರ ನಂತರ ಅಂಥ ಸೆಪ್ಟೆಂಬರ್ ಬಂದಿರಲಿಲ್ಲ. ಮುಂಗಾರು ಮರಳಲು ಶುರುಮಾಡಿದ್ದೇ ಅಕ್ಟೋಬರ್ 9ಕ್ಕೆ, ದಾಖಲೆಯಲ್ಲೇ ಅತಿ ತಡವಾಗಿ. ಸರಾಸರಿಯತ್ತ ಸರಿಯುವುದು ಬರೀ ಒಲವು, ಪ್ರತಿ ಸಲವೂ ಹಾಗೇ ಆಗಬೇಕೆಂಬ ಕಟ್ಟಳೆಯಲ್ಲ.

ಹೋಮವನ್ನು ಗೇಲಿ ಮಾಡುವವರು ಇದೇ ತಕ್ಕಡಿಯಲ್ಲಿ ಮೋಡ ಬಿತ್ತನೆಯನ್ನೂ ಇಟ್ಟು ತೂಗಬೇಕು. ಕರ್ನಾಟಕ ಸರ್ಕಾರದ ‘ವರ್ಷಧಾರೆ’ ವಿಮಾನ ಜಕ್ಕೂರಿನಿಂದ ಹಾರಿದ್ದು 2017ರ ಆಗಸ್ಟ್ 21ರಂದು. ಅದಕ್ಕೆ ಆರು ದಿನ ಮೊದಲೇ, ಸ್ವಾತಂತ್ರ್ಯ ದಿನದ ನಸುಕಿನಲ್ಲಿ, ಬೆಂಗಳೂರಿನ ಬಡಾವಣೆಗಳು ಮುಳುಗುವಂಥ ಮಳೆ ಹೊಡೆದಿತ್ತು. ದಕ್ಷಿಣ ಒಳನಾಡಿಗೆ ಹೇಗೂ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯ ಮಳೆಯ ತಿಂಗಳುಗಳು. ಬೆಂಗಳೂರಿಗಂತೂ 2017 ಅದುವರೆಗಿನ ದಾಖಲೆಯ ಮಳೆಯ ವರ್ಷವಾಯಿತು. ವಿಮಾನ ಹಾರುವುದೂ ಬರ ಬಿಗಿದಾಗ, ಅದರಲ್ಲೂ ಮಳೆಗರೆಯುವ ಲಕ್ಷಣವಿರುವ ಮೋಡ ಕಂಡಾಗ. ಹಾರಿದ ಮೇಲೆ ಮಳೆ ಬಂತು ಎಂಬುದು, ಹೋಮದ ಮೇಲೆ ಮಳೆ ಬಂತು ಎಂಬಷ್ಟೇ ಸಾಕ್ಷಿ.

ವ್ಯತ್ಯಾಸವಿರುವುದು ಮುಂದಿನ ಹೆಜ್ಜೆಯಲ್ಲಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಸೋಲಾಪುರದ ಸುತ್ತ ಪ್ರಯೋಗ ನಡೆಸಿದಾಗ ಒಂದೇ ಬಗೆಯ ಮೋಡಗಳಲ್ಲಿ ಕೆಲವಕ್ಕೆ ಬಿತ್ತನೆ ಮಾಡಿ, ಕೆಲವನ್ನು ಹಾಗೇ ಬಿಟ್ಟು, ಎರಡನ್ನೂ ರಾಡಾರ್‌ನಲ್ಲಿ, ನೆಲದ ಮೇಲಿನ ಮಳೆಮಾಪಕಗಳಲ್ಲಿ ಹೋಲಿಸಿದರು. ಹೋಮಕ್ಕೂ ಇಂಥ ಪರೀಕ್ಷೆ ಒಡ್ಡಲು ಅಡ್ಡಿಯಿಲ್ಲ. ಚೀಟಿ ಎತ್ತಿ ಅರ್ಧದಷ್ಟು ತಾಲ್ಲೂಕುಗಳನ್ನು ಆರಿಸಿ ಒಂದೇ ದಿನ ಹೋಮ ಮಾಡಿಸುವುದು, ಉಳಿದ ತಾಲ್ಲೂಕುಗಳಲ್ಲಿ ಸುಮ್ಮನಿರುವುದು, ಹತ್ತಾರು ವರ್ಷ ಲೆಕ್ಕ ಇಡುವುದು. ಹೋಬಳಿ ಹೋಬಳಿಗೂ ಮಳೆಮಾಪಕಗಳಿರುವ ನಮ್ಮ ರಾಜ್ಯದಲ್ಲಿ ಲೆಕ್ಕಕ್ಕೇನೂ ಕೊರತೆಯಾಗದು. ಚೀಟಿ ಬರದ ಅರ್ಧ ತಾಲ್ಲೂಕುಗಳಲ್ಲಿ ಯಾರೂ ಮಳೆಗಾಗಿ ಕೈಮುಗಿಯದಂತೆ ನೋಡಿಕೊಳ್ಳುವವರು ಯಾರು ಎಂಬ ಕಡೆ ಮಾತ್ರ, ಆ ಆರು ಆಸ್ಪತ್ರೆಗಳವರಂತೆ ನಾವೂ ಸಿಕ್ಕಿಬೀಳುತ್ತೇವೆ.